ಫ್ಲಾಪಿ ಡ್ರೈವಿನೊಳಗಿನ ಸೇವಂತಿಗೆ

ಅವರ ಎಡಗೈಯ ತೋರುಬೆರಳಿನ ತುದಿಗೆ ಬಿಸಿ ತಾಗುತ್ತಿರಲಿಲ್ಲ. ಟೆಲಿಫೋನ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಬೆಸುಗೆ ಹಾಕಿ ಅಲ್ಲಿನ ಚರ್ಮ ಹುಣಸೆಬೀಜದ ಹಾಗೆ ಗಟ್ಟಿಯಾಗಿ, ನುಣುಪಾಗಿಬಿಟ್ಟಿತ್ತು. ಕಾಫಿ ಬಿಸಿ ಇದೆಯೇ ಎಂದು ನೋಡಲು ಬೇರೆ ಬೆರಳು ಮುಟ್ಟಿಸುತ್ತಿದ್ದರು. ಎಡಗೈಯೇ ಎಂದು ಆಣೆ ಮಾಡಲಾರೆ. ಬೆಸುಗೆಯ ಕಡ್ಡಿ ಬಲಗೈಯಲ್ಲಿದ್ದರೆ ತಂತಿ ಹಿಡಿದದ್ದು ಎಡಗೈಯೇ ಇರಬೇಕು ಎಂದು ಊಹಿಸುತ್ತಿದ್ದೇನೆ, ಅಷ್ಟೆ.

ಬಸವೇಶ್ವರನಗರದ ಅವರ ಮನೆಯ ಹಿಂದಿನ ಪೋರ್ಷನ್ನಿನಲ್ಲಿ ನಾನು ಬಾಡಿಗೆಗಿದ್ದೆ. ಅವರನ್ನು ಓನರ್ ಆಂಟಿ ಎನ್ನುತ್ತಿದ್ದೆ. ಎಂಬತ್ತರ ದಶಕದ ಕೊನೆಯ ವರ್ಷಗಳು. ಜನರ ನೆನಪನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೇ ನನ್ನ ಪಿಎಚ್.ಡಿ. ವಿಷಯ. ಆ ಕೆಲಸ ಮಾಡಿದ ಮೇಲೆ ನನ್ನ ನೆನಪನ್ನೂ ನಾನು ಪೂರ್ತಿ ನಂಬಿಲ್ಲ.

ಆಂಟಿ ಕಾರ್ಖಾನೆಯ ಕೊನೆಯ ವರ್ಷಗಳನ್ನು ತಪಾಸಣೆ ವಿಭಾಗದಲ್ಲಿ ಕಳೆದಿದ್ದರು. ಅಲ್ಲಿ ಸರಿಯಿರುವ ಫೋನಿನ ತಳದಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಗೀಟು ಎಳೆಯಬೇಕು. ಆ ಅಭ್ಯಾಸ ಮನೆಗೂ ಬಂದಿತ್ತು. ಅಕ್ಕಪಕ್ಕದವರ ರೇಡಿಯೊ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿ ಕೊಟ್ಟರೆ ಅಡಿಯಲ್ಲಿ ಕೆಂಪು ಗೀಟು. ಅಡುಗೆಮನೆಯ ಉಪ್ಪಿನಕಾಯಿ ಭರಣಿಗಳ ಮೇಲೂ ಗೀಟು. ಗೀಟಿಲ್ಲದ ಭರಣಿಗೆ ಯಾರೂ ಕೈ ಹಾಕುವಂತಿಲ್ಲ.

ಅವರ ತಾಯಿ ಹಾಡಿದ ಸೋಬಾನೆಯ ಕ್ಯಾಸೆಟ್ ಒಂದಿತ್ತು. ಅದರ ಮೇಲಂಚಿನ ಎರಡು ಪುಟ್ಟ ಹಲ್ಲುಗಳನ್ನು ಅವರೇ ಮುರಿದಿದ್ದರು. ಟೇಪ್‌ರೆಕಾರ್ಡರಿನೊಳಗೆ ಒಂದು ಕಡ್ಡಿ ಆ ಜಾಗವನ್ನು ತಡವಿ ನೋಡುತ್ತದೆ, ಹಲ್ಲಿಲ್ಲದಿದ್ದರೆ ರೆಕಾರ್ಡ್ ಗುಂಡಿ ಒತ್ತಲು ಬಿಡುವುದಿಲ್ಲ, ಅಮ್ಮನ ದನಿಯ ಮೇಲೆ ಯಾರೂ ಸಿನಿಮಾ ಹಾಡು ತುಂಬಲಾರರು ಎಂದು ವಿವರಿಸಿದ್ದರು. ನಾನು ತಲೆಯಾಡಿಸಿ ಮರೆತಿದ್ದೆ.

ನನ್ನ ಗೈಡ್ ತಮ್ಮ ಹಳೆಯ ಮನೆ ಕಂಪ್ಯೂಟರನ್ನು ನನಗೆ ಬಳಸಲು ಕೊಟ್ಟಿದ್ದರು. ಟಿವಿಗೆ ಜೋಡಿಸುವಂಥದ್ದು, ಪಕ್ಕದಲ್ಲಿ ಬೇರೆಯೇ ಪೆಟ್ಟಿಗೆಯಾಗಿ ಫ್ಲಾಪಿ ಡ್ರೈವ್. ಆಯುಧಪೂಜೆಯ ದಿನ ಆಂಟಿ ತಟ್ಟೆ ಹಿಡಿದು ಬಂದರು. ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ ಎಂದೆ. ನಿನಗಲ್ಲ, ಯಂತ್ರಕ್ಕೆ ಎಂದರು. ಗಂಧ ಹಚ್ಚಿ, ಕುಂಕುಮವಿಟ್ಟು, ಡ್ರೈವಿನ ಬಾಯಿಯ ಅಂಚಿನಲ್ಲಿ ಒಂದು ಸೇವಂತಿಗೆ ಸಿಕ್ಕಿಸಿದರು. ಮರುದಿನ ವಿಜಯದಶಮಿ, ಯಂತ್ರ ಮುಟ್ಟುವಂತಿಲ್ಲ ಎಂದು ತಾಕೀತು.

ಅದರ ಮರುದಿನ ಬೆಳಿಗ್ಗೆ ಕೂತವನು ಮಧ್ಯಾಹ್ನದವರೆಗೆ ಒಂದೇ ಸಮನೆ ಟೈಪ್ ಮಾಡಿದೆ. ಕೊನೆಯ ಅಧ್ಯಾಯ. ಸಂಜೆಯೊಳಗೆ ಡಿಸ್ಕನ್ನು ನಾಗರಬಾವಿಯ ಕ್ಯಾಂಪಸ್ಸಿಗೆ ಮುಟ್ಟಿಸಬೇಕಿತ್ತು. ಗೈಡ್ ಮರುದಿನ ವಿದೇಶಕ್ಕೆ ಹೊರಟಿದ್ದರು, ಬರುವುದು ಆರು ತಿಂಗಳ ಮೇಲೆ. ಒಂದೂಕಾಲಿಗೆ ಉಳಿಸಲು ಹೋದರೆ ತೆರೆಯ ಮೇಲೆ ಒಂದೇ ಸಾಲು: ಡಿಸ್ಕ್ ರೈಟ್ ಪ್ರೊಟೆಕ್ಟೆಡ್. ಓದುತ್ತದೆ, ಬರೆಯಲು ಬಿಡುವುದಿಲ್ಲ. ಫ್ಲಾಪಿಯ ಅಂಚಿನ ಕಚ್ಚಿಗೆ ಚೀಟಿ ಅಂಟಿಸಿದ್ದರೆ ಹೀಗಾಗುತ್ತದೆಂದು ಗೊತ್ತಿತ್ತು. ಚೀಟಿ ಇರಲಿಲ್ಲ. ಹೊಸ ಡಿಸ್ಕ್ ಹಾಕಿದೆ, ಅದೇ ಮಾತು. ಮತ್ತೊಂದು, ಅದೇ. ಆ ದಿನಗಳಲ್ಲಿ ಎರಡು ಗಂಟೆಗೆ ನಮ್ಮ ಬೀದಿಯ ಕರೆಂಟು ಹೋಗುತ್ತಿತ್ತು. ಹೋದರೆ ಬೆಳಗಿನಿಂದ ಬರೆದದ್ದೂ ಹೋಗುತ್ತದೆ. ನಾನು ತೆರೆ ನೋಡಿ ಹಾಳೆಗೆ ನಕಲು ಮಾಡಲು ಶುರುಮಾಡಿದೆ.

ಹಬ್ಬದಲ್ಲಿ ಉಳಿದ ಒಬ್ಬಟ್ಟು ತಂದ ಆಂಟಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಯಂತ್ರಕ್ಕೆ ಹುಚ್ಚು ಹಿಡಿದಿದೆ, ಸುಳ್ಳು ಹೇಳುತ್ತಿದೆ ಎಂದೆ.

"ಸುಳ್ಳು ಹೇಳಕ್ಕೆ ಅದಕ್ಕೇನು ಬುದ್ಧಿ ಇದ್ಯೇನಪ್ಪಾ? ಅದಕ್ಕೇನು ಕಾಣ್ಸುತ್ತೋ ಅದನ್ನ ಹೇಳುತ್ತೆ. ಈ ಕಚ್ಚು ಇದೆಯೋ ಇಲ್ವೋ ಅಂತ ಒಳಗೆ ನೋಡೋದು ಯಾರು?"

ಗೊತ್ತಿಲ್ಲ ಎಂದೆ.

"ಟೇಪ್‌ರೆಕಾರ್ಡರಲ್ಲಿ ಕಡ್ಡಿ ಇರ್ಲಿಲ್ವಾ, ಹಂಗೇ ಇಲ್ಲೂ ಏನೋ ಇರ್ಬೇಕು. ಪಿಎಚ್‌ಡಿ ಮಾಡೋರು ಒಂದ್ಸಲ ಬಗ್ಗಿ ನೋಡಲ್ವಾ? ಟಾರ್ಚ್ ಕೊಡು."

ಡಿಸ್ಕ್ ತೆಗೆಸಿ, ಡ್ರೈವಿನ ಬಾಯಿಗೆ ಟಾರ್ಚ್ ಹಿಡಿದು, ಒಂದು ಕಣ್ಣು ಮುಚ್ಚಿ ಬಗ್ಗಿದರು. ಎಡಬದಿಯಲ್ಲಿ, ಒಂದಂಗುಲ ಒಳಗೆ, ಒಂದು ಪುಟ್ಟ ದೀಪವೂ ಅದರ ಬೆಳಕನ್ನು ಕಾಯುವ ಕಣ್ಣೂ ಎದುರುಬದುರು ಇದ್ದವು. ನಡುವೆ ಹಳದಿ ಎಸಳೊಂದು ಸಿಕ್ಕಿಕೊಂಡಿತ್ತು. ಬೆಳಕು ದಾಟಲು ಜಾಗವಿಲ್ಲ. ಯಂತ್ರದ ಪಾಲಿಗೆ ಪ್ರತಿ ಡಿಸ್ಕಿನ ಕಚ್ಚೂ ಮುಚ್ಚಿದ್ದೇ.

ಸಿಟ್ಟಿನಲ್ಲಿ, ಎಲ್ಲಾ ನಿಮ್ಮ ಪೂಜೆಯಿಂದ ಎಂದುಬಿಟ್ಟೆ.

"ಹೌದು, ಹೂವಿಟ್ಟಿದ್ದು ನಾನೇ," ಎಂದರು. "ಬಾಯಲ್ಲಿಡು ಅಂತ ದೇವ್ರೇನು ಹೇಳಿರ್ಲಿಲ್ಲ."

ಕರೆಂಟು ತೆಗೆಯುವಂತಿಲ್ಲವಾದ್ದರಿಂದ ಲೋಹ ಬೇಡ ಎಂದು, ಉರಿದು ಉಳಿದ ಅಗರಬತ್ತಿಯ ಕಡ್ಡಿಯೊಂದನ್ನು ತಂದರು. ತುದಿಗೆ ಒಂದು ಚೂರು ಗೋಂದು ಹಚ್ಚಿ, ಅಂಟಂಟಾಗುವಷ್ಟು ಆರಲು ಬಿಟ್ಟು, ಒಳಗೆ ತೂರಿಸಿ, ಎಸಳನ್ನು ಮುಟ್ಟಿ ಎಳೆದರು. ಇಡಿಯಾಗಿ ಬಂತು. ನಾನು ಡಿಸ್ಕ್ ಹಾಕಿ ಗುಂಡಿ ಒತ್ತಿದೆ. ಡ್ರೈವ್ ಗೊರಗೊರ ಎಂದಿತು, ಕೆಂಪು ದೀಪ ಹತ್ತಿ ಆರಿತು. ಅಧ್ಯಾಯ ಡಿಸ್ಕಿಗೆ ಇಳಿದಿತ್ತು. ಎರಡೇ ನಿಮಿಷದಲ್ಲಿ ಕರೆಂಟು ಹೋಯಿತು ಎಂದು ನಾನು ಈ ಕಥೆ ಹೇಳುವಾಗಲೆಲ್ಲ ಸೇರಿಸುತ್ತೇನೆ. ನಿಜಕ್ಕೂ ಕಾಲು ಗಂಟೆ ಕಳೆದಿರಬಹುದು. ಆ ದಿನ ಕರೆಂಟು ಹೋಗಿರದೆಯೂ ಇರಬಹುದು. ಆಂಟಿ ಡ್ರೈವಿನ ಅಡಿಯಲ್ಲಿ ಗೀಟು ಎಳೆದದ್ದು ಮಾತ್ರ ನಿಜ. ಗೈಡ್ ಅದೇನೆಂದು ಆಮೇಲೆ ಕೇಳಿದ್ದರು.

ಮುಂದಿನ ವರ್ಷ ಆಂಟಿ ಎಸಳು ಒಳಹೋಗದಂತೆ ಡ್ರೈವಿನ ಬಾಯಿಗೆ ಹಳೆಯ ಲಗ್ನಪತ್ರಿಕೆಯೊಂದನ್ನು ತುರುಕಿ, ಆಮೇಲೆ ಪೂಜೆ ಮಾಡಿದರು.

ಇನ್ನೊಂದು ಮಾತು ಉಳಿದಿದೆ. ಅವರು ಹೂವಿಟ್ಟದ್ದು ಬಾಯಿಯ ಅಂಚಿನಲ್ಲಿ, ಒಳಗಲ್ಲ. ಬೆಳಿಗ್ಗೆ ಅವಸರದಲ್ಲಿ ಹೂವನ್ನು ತೆಗೆಯದೆ ಡಿಸ್ಕ್ ತುರುಕಿ, ಎಸಳನ್ನು ಒಳಗೆ ತಳ್ಳಿದವನು ನಾನು. ಟಾರ್ಚಿನ ಬೆಳಕಿನಲ್ಲಿ ಎಸಳು ಕಂಡ ಕ್ಷಣವೇ ನನಗದು ಹೊಳೆದಿತ್ತು. ಆದರೂ ತಪ್ಪನ್ನು ಅವರ ಮೇಲೆ ಹೊರಿಸಿದೆ, ಅವರು ಹೊತ್ತರು. ಆಮೇಲೆ ಎಂದಾದರೂ ಒಪ್ಪಿಕೊಂಡೆನೇ? ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ನಿಮ್ಮ ಹೆಸರು ಹಾಕುತ್ತೇನೆ ಎಂದದ್ದು ನೆನಪಿದೆ. "ಹೆಸರು ಬೇಡ ಕಣಪ್ಪಾ. ನಾವು ಜೋಡಿಸಿದ ಫೋನ್ ಮೇಲೆ ನಮ್ಮ ಹೆಸರಿತ್ತಾ?" ಎಂದಿದ್ದರು. ಅದಕ್ಕೇ ಇಲ್ಲಿಯೂ ಹೆಸರಿಲ್ಲ. ಆ ಪುಟದಲ್ಲಿ ಕೊನೆಗೆ ಏನು ಬರೆದೆ ಎಂಬುದು ನೆನಪಿನಿಂದ ಅಳಿಸಿಹೋಗಿತ್ತು. ನನ್ನ ಬಳಿಯಿದ್ದ ಪ್ರತಿ, ಮನೆ ಬದಲಿಸುವಾಗ ಕಳೆದಿತ್ತು. ಲೈಬ್ರರಿಗೆ ಹೋಗಿ ನೋಡಲು ವರ್ಷಾನುಗಟ್ಟಲೆ ಹೆದರಿದೆ.

ಹೋದ ವರ್ಷ ಆಂಟಿ ತೀರಿಕೊಂಡರು. ಹನ್ನೊಂದನೆಯ ದಿನ ಅವರ ಮಗಳು, ಅಮ್ಮನ ಕ್ಯಾಸೆಟ್ಟುಗಳ ಪೆಟ್ಟಿಗೆಯಲ್ಲಿ ಇದಿತ್ತು ಅಂಕಲ್, ನಿಮ್ಮದೇ ಅಲ್ವಾ ಎಂದು ದಪ್ಪ ಪುಸ್ತಕವೊಂದನ್ನು ಕೊಟ್ಟಳು. ನನ್ನ ಪ್ರಬಂಧ. ಅವರಿಗೊಂದು ಪ್ರತಿ ಕೊಟ್ಟಿದ್ದೆ ಎಂಬುದೇ ನನಗೆ ನೆನಪಿರಲಿಲ್ಲ. ಅಲ್ಲೇ ನಿಂತು ಕೃತಜ್ಞತೆಯ ಪುಟ ತೆರೆದೆ. ಕೊನೆಯ ಸಾಲು, ಇಂಗ್ಲಿಷಿನಲ್ಲಿ: ಹೂವಿನ ಎಸಳನ್ನು ಒಳಗೆ ತಳ್ಳಿದವನು ನಾನು, ಹೊರಗೆ ತೆಗೆದವರು ನನ್ನ ಮನೆಯ ಒಡತಿ.

ಬರೆದಿದ್ದೆ. ಆ ಸಾಲಿನ ಪಕ್ಕದಲ್ಲಿ, ಅಂಚಿನಲ್ಲಿ, ಮಾಸಿದ ಒಂದು ಕೆಂಪು ಗೀಟು ಇತ್ತು.