ಹೆಸರು ಹೇಳದ ಪ್ರಾರ್ಥನೆ

ತಿಪಟೂರಿನ ಚರ್ಚಿನ ಹಿಂದಿನ ಕೋಣೆಯಲ್ಲಿ, ಭಾನುವಾರದ ಆರಾಧನೆ ಮುಗಿದ ಮೇಲೆ ನಮ್ಮ ಯುವಜನರ ಕೂಟ ಸೇರುತ್ತಿತ್ತು. ಮೈಸೂರಿನಲ್ಲಿ ಎಂ.ಎ. ಮುಗಿಸಿ ಇಲ್ಲಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದ ನನ್ನನ್ನೇ ಅದರ ಮುಂದಾಳು ಮಾಡಿದ್ದರು. ಹತ್ತು ಹನ್ನೆರಡು ವಿದ್ಯಾರ್ಥಿಗಳಿಗೆ ದೇವರ ಮೇಲಿನ ವಿಶ್ವಾಸ ಬೆಳೆಸುವುದು ನನ್ನ ಕೆಲಸ. ನನ್ನದೆಷ್ಟಿದೆ ಎಂದು ಯಾರೂ ಕೇಳಲಿಲ್ಲ.

ಅವರಲ್ಲಿ ಒಬ್ಬಳು ತುರುವೇಕೆರೆಯವಳು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅಪ್ಪ ಅಲ್ಲಿನ ಚರ್ಚಿನ ಸಭೆಯ ಹಿರಿಯರು. ಒಂದು ಭಾನುವಾರ ಎಲ್ಲರೂ ಹೋದ ಮೇಲೆ ಚಾಪೆ ಸುತ್ತುತ್ತಾ ಕೇಳಿದಳು:

"ಅಣ್ಣ, ಪ್ರಾರ್ಥನೆ ಮಾಡ್ವಾಗ ಆ ಕಡೆ ಯಾರೂ ಇಲ್ಲ ಅನ್ಸುತ್ತೆ. ನಿಮ್ಗೆ ಯಾವತ್ತಾದ್ರೂ ಹಂಗ್ ಅನ್ಸಿದ್ಯಾ?"

ದಿನಾ ಅನ್ನಿಸುತ್ತಿತ್ತು. "ಇಲ್ಲಮ್ಮ" ಎಂದೆ.

"ಯಾರ್ಗೂ ಹೇಳ್ಬೇಡಿ. ಅಪ್ಪಂಗೆ ಗೊತ್ತಾದ್ರೆ ಕಾಲೇಜು ಬುಡಿಸ್ಬುಡ್ತಾರೆ."

ಹೇಳಲಿಲ್ಲವೆಂದೇ ನನ್ನ ನೆನಪು. ಮುಂದಿನ ವಾರ ಕೂಟದಲ್ಲಿ ಕಣ್ಣು ಮುಚ್ಚಿ ಅವಳಿಗಾಗಿ ಪ್ರಾರ್ಥಿಸಿದೆ, ಅಷ್ಟೆ. ಗಟ್ಟಿಯಾಗಿಯೇ, ನಮ್ಮಲ್ಲಿ ಮೌನ ಪ್ರಾರ್ಥನೆಗೆ ಅಷ್ಟು ಬೆಲೆಯಿಲ್ಲ. ಎಲ್ಲ ಬಲ್ಲ ದೇವರಿಗೂ ತೊಂದರೆಯನ್ನು ಬಿಡಿಸಿ ಹೇಳಿದರೇ ನಮಗೆ ಸಮಾಧಾನ. ಹೆಸರು ಮಾತ್ರ ಹೇಳಲಿಲ್ಲ.

ವಾರದೊಳಗೆ ಸುದ್ದಿ ತುರುವೇಕೆರೆ ಮುಟ್ಟಿತು. ನಮ್ಮಲ್ಲಿ ಚಾಡಿ ಹೇಳುವವರು ಯಾರೂ ಇಲ್ಲ. "ಪಾಪ, ಆ ಹುಡುಗಿಗೋಸ್ಕರ ಸ್ವಲ್ಪ ಪ್ರಾರ್ಥನೆ ಮಾಡಿ" ಎನ್ನುವವರೇ ಎಲ್ಲ.

ಅವಳ ಅಪ್ಪ ಬಂದು ಹಾಸ್ಟೆಲಿನಿಂದ ಟ್ರಂಕು ಇಳಿಸಿ, ದಾರಿಯಲ್ಲಿ ನನ್ನನ್ನು ನೋಡಲು ನಿಂತರು. "ನೀವಿದೀರಿ ಅಂತ ಧೈರ್ಯವಾಗಿ ಕಳ್ಸಿದ್ದೆ ಕಣ್ರೀ. ಇನ್ನು ಓದಿದ್ದು ಸಾಕು ಬುಡಿ."

ಪ್ರಾರ್ಥಿಸುವಾಗ ನನಗೂ ಅವಳ ಹಾಗೇ ಅನ್ನಿಸುತ್ತದೆ, ಇದಕ್ಕೆಲ್ಲ ಓದು ಬಿಡಿಸಬೇಡಿ ಎನ್ನಬಹುದಿತ್ತು. "ದೇವರ ಚಿತ್ತ" ಎಂದೆನೋ, ಸುಮ್ಮನೆ ತಲೆಯಾಡಿಸಿದೆನೋ. ಎರಡರಲ್ಲಿ ಯಾವುದು ನಿಜವಾದರೂ ನನಗೇನೂ ಲಾಭವಿಲ್ಲ.

ಹೋದ ವರ್ಷ ಹುಳಿಯಾರಿನ ಬಟ್ಟೆ ಅಂಗಡಿಯೊಂದರಲ್ಲಿ ಅವಳು ಸಿಕ್ಕಳು. ಅಲ್ಲೇ ಕೆಲಸಕ್ಕಿದ್ದಳು, ಬ್ಲೌಸ್ ಪೀಸ್ ಅಳೆದು ಕತ್ತರಿಸುತ್ತಿದ್ದಳು. ಕುಶಲ ವಿಚಾರಿಸುವ ಮೊದಲೇ ನನ್ನ ಬಾಯಿಂದ, "ನಾನು ನಿನ್ನ ಹೆಸ್ರು ಹೇಳಿರ್ಲಿಲ್ಲಮ್ಮ" ಎಂದು ಬಂತು.

"ಹೂಂ, ಹೆಸ್ರು ಹೇಳ್ಲಿಲ್ಲ. ಎರಡನೇ ವರ್ಷದ ಬಿಎಸ್ಸಿ ತಂಗಿ ಅಂದ್ರಿ. ಕೂಟದಲ್ಲಿ ಬಿಎಸ್ಸಿ ಓದ್ತಿದ್ದೋಳು ನಾನೊಬ್ಳೇ ಅಲ್ವಾ ಅಣ್ಣ?"

ಆ ಮಾತು ಆಡಿದ್ದು ನನಗೆ ನೆನಪಿಲ್ಲ. ಸುಳ್ಳು ಹೇಳಲು ಅವಳಿಗೆ ಕಾರಣವೂ ಇಲ್ಲ.

"ಈಗ್ಲೂ ಕೂಟ ನಡೆಸ್ತೀರಾ?"

"ಇಲ್ಲ. ಚರ್ಚಿಗೂ ಹೋಗಲ್ಲ."

ಅವಳು ಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದಳು. "ಚರ್ಚು ಬಿಟ್ಟಿದ್ದಕ್ಕೆ ನಿಮ್ಗೇನಾಯ್ತು ಮತ್ತೆ?"

ಏನೂ ಆಗಿರಲಿಲ್ಲ. ಅಷ್ಟರಲ್ಲಿ ನಾನು ಕಾಲೇಜಿನಲ್ಲಿ ಕಾಯಂ ಆಗಿದ್ದೆ.