ಹೆಬ್ಬೆರಳು ಕಟ್ಟಿಕೊಂಡು ಸೈಕಲ್ ಹೊಡೆದ ಸಾವ್ಕಾರರು

ಅವರ ಹುಬ್ಬಿನ ಮೇಲೆ ಯಾವಾಗಲೂ ಮೆಕ್ಕೆಜೋಳದ ಹೊಟ್ಟು ಕೂತಿರುತ್ತಿತ್ತು. ಹಣೆಯ ವಿಭೂತಿ ಬೆಳ್ಳಗೆ, ಅದರ ಕೆಳಗೆ ಹುಬ್ಬು ಹಳದಿ. ಹರಪನಹಳ್ಳಿಯಲ್ಲಿ ನಮ್ಮ ಬಾಡಿಗೆ ಮನೆಯ ಎದುರಿಗೇ ಅವರ ದಲಾಲಿ ಅಂಗಡಿ. ಅಂಗಡಿಯ ಹಿಂದೆ ದೊಡ್ಡ ಅಂಗಳ, ಸುಗ್ಗಿಯಲ್ಲಿ ಅದರ ತುಂಬ ಒಣಹಾಕಿದ ಮೆಕ್ಕೆಜೋಳ. ಊರಿಗೆಲ್ಲ ಅವರು ಸಾವ್ಕಾರರು, ನನಗೂ ಅಷ್ಟೇ.

ನನ್ನ ಗಂಡನಿಗೆ ಬ್ಯಾಂಕಿನಲ್ಲಿ ಟ್ರಾನ್ಸ್‌ಫರ್ ಆಗಿ ನಾವು ಆ ಊರಿಗೆ ಬಂದಾಗ, ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಬೆಳೆದ ನನ್ನ ಕನ್ನಡ ಕೇಳಿ ಎಲ್ಲರೂ ಬೆನ್ನ ಹಿಂದೆ ನಗುತ್ತಿದ್ದರು. ಸಾವ್ಕಾರರು ಮಾತ್ರ ಎದುರಿಗೇ ನಕ್ಕರು. “ಅಮ್ಮಾರೆ, ನೀವು ಮಾತಾಡಿದ್ರ ರೇಡಿಯೋದಾಗ ಎರಡು ಸ್ಟೇಷನ್ ಒಂದೇ ಸಲ ಹತ್ತಿದಂಗ ಆಗ್ತೈತಿ ನೋಡ್ರಿ!” ಅಂದಿನಿಂದ ನಮಗೆ ಸ್ನೇಹ.

ಯಾವ ವಸ್ತುವನ್ನೂ ಅವರು ಬಾಯಿಮಾತಿನಲ್ಲಿ ನಂಬುತ್ತಿರಲಿಲ್ಲ. ಕಾಳನ್ನು ಹಲ್ಲಿಗೆ ಕೊಟ್ಟು, ಅದು ಕಟ್ ಎಂದರೆ ಮಾತ್ರ ಒಣಗಿದೆ ಎಂದು ಒಪ್ಪುತ್ತಿದ್ದರು. ಒಮ್ಮೆ ಹೆಂಡತಿಗೆ ಚಪ್ಪಲಿ ತರಲು ಹೋದಾಗ ತಾವೇ ಅದನ್ನು ಮೆಟ್ಟಿಕೊಂಡು, ಅರ್ಧ ಹಿಮ್ಮಡಿ ಹೊರಗೆ ಚಾಚಿ, ಅಂಗಡಿಯ ತುಂಬ ಓಡಾಡಿದ್ದರಂತೆ. ಅವರ ಹೆಂಡತಿ ಇದನ್ನು ಹೇಳಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ನಗು ತಡೆಯಲಾರದೆ.

ನನ್ನ ಮಗಳು ಬೆಳೆದದ್ದೇ ಆ ಅಂಗಳದಲ್ಲಿ. ಅವಳಿನ್ನೂ ಪ್ರೈಮರಿಯಲ್ಲಿದ್ದಾಗಿನ ಮಾತು. ಅಂಗಳದಲ್ಲಿ ತೆನೆ ಬಿಡಿಸುವ ಮಷೀನು ಓಡುತ್ತಿತ್ತು. ಸಂಜೆಯಾಯಿತೆಂದು ನಾನು ಗೇಟಿನಲ್ಲಿ ನಿಂತು ಅವಳನ್ನು ಕರೆದೆ. “ಇರ್ಲಿ ಬಿಡ್ರಿ ಅಮ್ಮಾರೆ, ಆಡ್ಲಿ. ನಾ ಇಲ್ಲೇ ಅದೀನಲ್ಲ” ಎಂದರು ಸಾವ್ಕಾರರು. ಇರ್ಲಿ ಬಿಡ್ರಿ ಎನ್ನುವುದು ಅವರ ಬಾಯಿಗೆ ಹತ್ತಿದ ಮಾತು. ನಾನು ಒಳಗೆ ಬಂದೆ. ಅವರು ಚೀಲ ತೂಗಿಸಲು ಆ ಕಡೆ ತಿರುಗಿದ್ದಾರೆ. ಮಷೀನಿನ ಬಾಯಲ್ಲಿ ಸಿಕ್ಕಿಕೊಂಡ ತೆನೆಯನ್ನು ಬಿಡಿಸಲು ಇವಳು ಕೈ ಹಾಕಿದ್ದಾಳೆ. ಬಲಗೈ ಹೆಬ್ಬೆರಳಿನ ಮೇಲಿನ ಅರ್ಧ ಹೋಯಿತು.

ತಮ್ಮ ಜೀಪಿನಲ್ಲಿ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ದಾವಣಗೆರೆಯ ಆಸ್ಪತ್ರೆಗೆ ಒಯ್ದವರೂ ಅವರೇ. ಮರುದಿನವೇ ಆ ಮಷೀನನ್ನು ಮಾರಿಬಿಟ್ಟರು. ಇರ್ಲಿ ಬಿಡ್ರಿ ಎಂಬ ಮಾತು ಆಮೇಲೆ ಅವರ ಬಾಯಿಂದ ಬರಲಿಲ್ಲ.

ಮೊದಮೊದಲು ನನಗೆ ನಿಜವಾಗಿಯೂ ಸಿಟ್ಟಿತ್ತು. ಅವರ ಮುಖ ನೋಡದೆ ಬಾಗಿಲು ಹಾಕಿಕೊಂಡಿದ್ದೂ ಉಂಟು. ಆದರೆ ಸಿಟ್ಟಿಗೂ ಒಂದು ಆಯುಷ್ಯವಿರುತ್ತದಲ್ಲ, ಅದು ಮುಗಿದ ಮೇಲೂ “ಅದು ನಿಮ್ಮ ತಪ್ಪಲ್ಲ” ಎಂಬ ಒಂದು ಮಾತನ್ನು ನಾನು ಹೇಳಲಿಲ್ಲ. ಮಳೆ ಬಂದರೆ ಮಗಳನ್ನು ಶಾಲೆಯಿಂದ ಕರೆತರಲು ಅವರ ಜೀಪು ಹೋಗುತ್ತಿತ್ತು. ಪರೀಕ್ಷೆಯ ದಿನ ಅವರು ಹೊಸ ಪೆನ್ನುಗಳನ್ನು ತಂದು, ಹೆಬ್ಬೆರಳು ಮಡಚಿ ಹಿಡಿದು ಬರೆದು ನೋಡಿ ಕೊಡುತ್ತಿದ್ದರು. ಗಿಲ್ಟ್ ಹೊತ್ತ ಮನುಷ್ಯ ಎದುರು ಮನೆಯಲ್ಲಿರುವುದು ಎಂಥ ಕನ್ವೀನಿಯನ್ಸ್! ಹೀಗೆ ಬರೆಯುವುದು ಚಂದವಲ್ಲ, ಆದರೆ ಅದು ಹಾಗೆಯೇ ಇತ್ತು. 

ಮಗಳು ಹೈಸ್ಕೂಲಿಗೆ ಬಂದಾಗ, ತೊಂಬತ್ತರ ದಶಕದ ಕೊನೆಗೆ, ನನ್ನ ಮೈದುನ ತನ್ನ ಮಗನ ಮೌಂಟನ್ ಬೈಕನ್ನು ಇವಳಿಗೆ ಕೊಟ್ಟ. ದಪ್ಪ ಟೈರು, ಗೇರುಗಳು. ಊರಿನ ಹುಡುಗಿಯರಲ್ಲಿ ಯಾರ ಹತ್ತಿರವೂ ಅಂಥದ್ದಿರಲಿಲ್ಲ. ಆದರೆ ಗೇರು ಬದಲಿಸುವ ಶಿಫ್ಟರ್‌ಗಳು ತುಕ್ಕು ಹಿಡಿದು ಬಿಗಿಯಾಗಿದ್ದವು. ಮುಂದಿನ ಗೇರಿನದು ಹ್ಯಾಂಡಲ್ಲಿನ ಎಡಗಡೆ, ಹಿಂದಿನ ಗೇರಿನದು ಬಲಗಡೆ, ಹೆಬ್ಬೆರಳಿನಿಂದಲೇ ಒತ್ತಬೇಕು. ಇವಳು ಎಡಗೈಯನ್ನು ಈ ಕಡೆ ತಂದು ಒತ್ತಲು ಹೋಗಿ, ಕೊಟ್ಟೂರು ರಸ್ತೆಯಲ್ಲಿ ಒಂದು ಲಾರಿಯ ಮುಂದೆಯೇ ಬಿದ್ದಳು. ಪುಣ್ಯಕ್ಕೆ ಲಾರಿ ನಿಂತಿತು.

“ಎನಫ್. ನಾಳೆಯೇ ಮಾರಿಬಿಡ್ತೀನಿ” ಎಂದೆ.

“ಮಾರು. ನನ್ನನ್ನೂ ಮಾರು” ಎಂದು ಅವಳು ಊಟ ಬಿಟ್ಟು ಕೂತಳು.

ಸುದ್ದಿ ರಸ್ತೆ ದಾಟಿತು. ಆ ವಾರವೇ ಸಾವ್ಕಾರರು ದಾವಣಗೆರೆಗೆ ಹೋಗಿ ಬಂದು ನಮ್ಮಿಬ್ಬರನ್ನೂ ಅಂಗಳಕ್ಕೆ ಕರೆಸಿದರು. ಗೋಣಿಚೀಲದ ಮೇಲೆ ಕಾಳಿನ ಸ್ಯಾಂಪಲ್ ಹರಡುವ ಹಾಗೆಯೇ ಶಿಫ್ಟರ್‌ಗಳನ್ನು ಹರಡಿದ್ದರು. ಒಂದು ಹ್ಯಾಂಡಲ್ಲಿನ ಕೆಳಗಿನಿಂದ ಒತ್ತುವಂಥದ್ದು, ಒಂದು ಸ್ಕೂಟರಿನ ಹಿಡಿಯಂತೆ ತಿರುಗಿಸುವಂಥದ್ದು, ಇನ್ನೊಂದು ಹ್ಯಾಂಡಲ್ಲಿನ ಮೇಲೆ ಕೂರುವ ಹಳೆಯ ಕಾಲದ ಉದ್ದ ಲಿವರ್.

“ಆಫ್‌ಕೋರ್ಸ್, ತಿರುಗಿಸೋದು” ಎಂದೆ ನಾನು. “ಬೆರಳೇ ಬೇಡ.”

“ಕೈಯಾಗ ಹಿಡಿದು ನೋಡೂಣು ತಡೀರಿ” ಎಂದವರೇ, ತಮ್ಮ ಹೆಗಲ ವಸ್ತ್ರದ ಅಂಚು ಹರಿದು ಬಲಗೈ ಹೆಬ್ಬೆರಳನ್ನು ಅಂಗೈಗೆ ಸೇರಿಸಿ ಕಟ್ಟಿಸಿಕೊಂಡರು. ಸೈಕಲ್ ರಿಪೇರಿಯವನು ಒಂದೊಂದಾಗಿ ಕೂರಿಸಿಕೊಡುತ್ತಿದ್ದ. ಅರವತ್ತು ದಾಟಿದ ಸಾವ್ಕಾರರು ಧೋತರದ ಕಚ್ಚೆ ಬಿಗಿದು ಸೈಕಲ್ ಏರಿ ಅಂಗಳ ಸುತ್ತಲಾರಂಭಿಸಿದರು. ಹಮಾಲರು ಚೀಲ ಇಳಿಸಿ ಸಾಲಾಗಿ ನಿಂತರು.

“ಸಾವ್ಕಾರ್ರೆ, ಹಾರನ್ ಹೊಡೀರಿ!”

“ಏ, ಬ್ರೇಕ್ ಎಲ್ಲೈತಿ ಅಂತ ಯಾರಾರ ಹೇಳ್ರಲೇ ಅವರಿಗೆ!”

“ನಗ್ರಲೇ ನಗ್ರಿ, ಇವತ್ತು ನಗಾಕೂ ಕೂಲಿ ಕೊಡ್ತೀನಿ” ಎಂದು ಕೂಗುತ್ತಲೇ ಅವರು ಸೈಕಲ್ಲನ್ನು ಒಂದು ಕಲ್ಲಿನ ಮೇಲೆ ಹತ್ತಿಸಿದರು. ತಿರುಗಿಸುವ ಹಿಡಿಗೆ ಆತುಕೊಳ್ಳಲು ಹೆಬ್ಬೆರಳಿಲ್ಲದೆ ಅಂಗೈ ಜಾರಿತು, ಗೇರು ತಾನಾಗಿಯೇ ಬದಲಾಯಿತು, ಸಾವ್ಕಾರರು ಕಾಳಿನ ರಾಶಿಯ ಮೇಲೆ ಹೋಗಿ ಬಿದ್ದರು. ಎದ್ದರು. “ಇದು ಬ್ಯಾಡ.” ಒತ್ತುವಂಥದ್ದು ಹೇಗೂ ಆಗುತ್ತಿರಲಿಲ್ಲ, ಆದರೂ ಅದನ್ನೂ ನೋಡಿದರು. ಉದ್ದ ಲಿವರನ್ನು ಅಂಗೈಯ ಬುಡದಿಂದ ತಳ್ಳಲು ಬರುತ್ತಿತ್ತು, ಆದರೆ ತಳ್ಳುವಾಗ ಬ್ರೇಕಿನಿಂದ ಕೈ ಎತ್ತಬೇಕು. ಮೊಣಕೈಯಲ್ಲಿ ರಕ್ತ ಇಳಿಯುತ್ತಿದ್ದರೂ ಮತ್ತೆ ಮತ್ತೆ ಹತ್ತಿದರು. ಹಮಾಲರ ನಗು ನಿಂತಿತ್ತು. ಕಟ್ಟಿದ ಬೆರಳು ನೀಲಿಯಾಗುತ್ತಿತ್ತು. ಸಾಕು ಎಂದು ನಾನು ಹೇಳಬಹುದಿತ್ತು.

ಹೇಳಿದವಳು ಮಗಳು. ಅವಳು ಗೋಣಿಯ ಪಕ್ಕದಲ್ಲಿದ್ದ ಕೈಚೀಲ ತೆಗೆದು ನೋಡಿದಳು. ಶಿಫ್ಟರ್‌ಗಳು ಜೋಡಿ ಜೋಡಿಯಾಗಿ ಬರುತ್ತವೆ, ಎಡಕ್ಕೊಂದು ಬಲಕ್ಕೊಂದು. ಸಾವ್ಕಾರರು ಬಲಗಡೆಯವನ್ನು ಮಾತ್ರ ಹೊರತೆಗೆದು ಹರಡಿದ್ದರು. ಎಡಗಡೆಯವೆಲ್ಲ ಚೀಲದಲ್ಲೇ ಇದ್ದವು, ಪ್ಲಾಸ್ಟಿಕ್ ಕೂಡ ಬಿಚ್ಚದೆ. ಅವಳು ಎಡಗಡೆಯ ಉದ್ದ ಲಿವರನ್ನು ಎತ್ತಿ ಹಿಡಿದಳು.

“ಸಾವ್ಕಾರಜ್ಜಾ, ಹಿಂದಿನ ಗೇರಿನ ವೈರ್ ಇದಕ್ಕ ಹಾಕಿಸು. ಮುಂದಿನ ಗೇರು ನಮ್ಮೂರಾಗ ಯಾರಿಗೆ ಬೇಕು? ನನಗ ಎಡಗೈ ಚೊಲೋ ಐತಲ್ಲ, ನೀ ಯಾಕ ಬರೇ ಬಲಗೈನ ನೋಡ್ತಿ?”

ಅವರು ಸೈಕಲ್ ಹಿಡಿದುಕೊಂಡೇ ನಿಂತರು. ಆಮೇಲೆ ನಿಧಾನವಾಗಿ, ಮೊದಲ ಸಲ ಕಾಣುವವರಂತೆ, ಅವಳ ಎಡಗೈಯನ್ನು ನೋಡಿದರು. ನಾನೂ ನೋಡಿದೆ.

“ಅಜ್ಜಾ, ನಾನು ಕೈ ಹಾಕಿದ್ದು. ನೀ ಹಾಕು ಅಂದಿದ್ದಿಲ್ಲ” ಎಂದು ಅವಳೇ ಅವರ ಬೆರಳಿನ ಕಟ್ಟು ಬಿಚ್ಚಿದಳು. ಸಾವ್ಕಾರರು ನನ್ನ ಕಡೆ ತಿರುಗಿದರು. ಏನನ್ನೋ ಕಾಯುತ್ತಿದ್ದ ಮುಖ. ನಾನು ರಕ್ತಕ್ಕೆ ಡೆಟಾಲ್ ತರುತ್ತೇನೆಂದು ಮನೆಗೆ ಬಂದೆ.

ಎಡಗಡೆ ಕೂತ ಆ ಲಿವರಿನಿಂದ ನನ್ನ ಮಗಳು ಕಾಲೇಜು ಮುಗಿಯುವವರೆಗೂ ಸೈಕಲ್ ಹೊಡೆದಳು. ಹಲವಾಗಲು ಊರಿಗೆ ಗೆಳತಿಯರೊಡನೆ ಹೊಳೆ ನೋಡಲು ಹೋಗಿಬಂದಳು. ಅವಳಿಗೆ ದಾರಿಯ ಭಯವೇ ಹುಟ್ಟಲಿಲ್ಲ. ಅದು ಅವರು ಕೊಟ್ಟದ್ದು.

ಅವಳ ಮದುವೆ ನಿಶ್ಚಯವಾದಾಗ ಲಗ್ನಪತ್ರಿಕೆ ಕೊಡಲು ಎದುರು ಮನೆಗೆ ಹೋದೆ. ಸಾವ್ಕಾರರು ಹಾಸಿಗೆ ಹಿಡಿದಿದ್ದರು. ಅಕ್ಷತೆ ಕೊಟ್ಟು, ಕುರ್ಚಿಯ ಅಂಚಿನಲ್ಲಿ ಕೂತು, ಹೇಗೋ ಹೇಳಿದೆ: “ಸಾವ್ಕಾರ್ರೆ, ಅವತ್ತಿಂದು ನಿಮ್ಮ ತಪ್ಪಲ್ಲ. ನಾನೂ ಎರಡನೇ ಸಲ ಕರೀಲಿಲ್ಲ.”

ಅವರು ಲಗ್ನಪತ್ರಿಕೆಯನ್ನು ದಿಂಬಿನ ಪಕ್ಕಕ್ಕಿಟ್ಟರು.

“ಅದನ್ನ ಆಕಿ ಅಂಗಳದಾಗ ಅವತ್ತ ಹೇಳ್ಯಾಳ್ರಿ, ಅಮ್ಮಾರೆ” ಎಂದರು. “ನಿಮ್ಮ ಬಾಯಾಗಿಂದ ಬರಬೇಕಾಗಿತ್ತು, ಅಷ್ಟ.”

ಕಹಿ ಇರಲಿಲ್ಲ ಆ ದನಿಯಲ್ಲಿ. ಅದೇ ಕಷ್ಟ. ಮರುಕ್ಷಣವೇ ಅಡುಗೆಗೆ ಯಾರನ್ನು ಹೇಳಿದ್ದೀರಿ, ಹೋಳಿಗೆ ಮಾಡಿಸ್ತೀರೋ ಇಲ್ಲೋ ಎಂದು ವಿಚಾರಿಸತೊಡಗಿದರು.

ಮದುವೆಯ ಹೊತ್ತಿಗೆ ಅವರಿರಲಿಲ್ಲ. ಅರಿಶಿಣ ಹಚ್ಚಿದ ಹುಡುಗಿ ಸಾವಿನ ಮನೆಗೆ ಹೋಗಬಾರದೆಂದು ಹಿರಿಯರು ಮಗಳನ್ನು ಹೊಸ್ತಿಲು ದಾಟಗೊಡಲಿಲ್ಲ. ನಾನು ಹೋದೆ. ಹೂವಿನ ನಡುವೆ ಅವರನ್ನು ಕೂರಿಸಿದ್ದರು. ನಾನು ಕೈ ಮುಗಿದು ಹೊರಗೆ ಬಂದೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದು ಎತ್ತಿನಗಾಡಿ ಹೋಗುವಷ್ಟು ರಸ್ತೆ. ಆ ಮಾತನ್ನು ಹೊತ್ತುಕೊಂಡು ಅದನ್ನು ದಾಟಲು ನನಗೆ ಒಂದು ಲಗ್ನಪತ್ರಿಕೆಯ ನೆಪ ಬೇಕಾಯಿತು.