ಕುಬಸದ ಬಳೆ, ಕಾಕಾನ ಕಾರು

1998ರ ಮಾತು. ಶ್ರಾವಣ ಮುಗಿದು ಸ್ವಲ್ಪ ದಿನವಾಗಿತ್ತು. ನನ್ನ ತಂಗಿ ಗಂಗಾಳಿಗೆ ಏಳು ತಿಂಗಳು ತುಂಬಿದ್ದರಿಂದ ಮೋರಟಗಿಯ ಅವಳ ಗಂಡನ ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡಿದ್ದರು. ಕುಬಸ ಮುಗಿಸಿಕೊಂಡು, ಹೆರಿಗೆಗೆಂದು ಅವಳನ್ನು ಸಿಂದಗಿಯ ನಮ್ಮ ತವರುಮನೆಗೆ ಕರೆತರಬೇಕಿತ್ತು. ನನ್ನನ್ನು ಕೊಟ್ಟದ್ದೂ ಸಿಂದಗಿಯಲ್ಲೇ, ಹಾಗಾಗಿ ತವರಿನ ಇಂಥ ಓಡಾಟವೆಲ್ಲ ನನ್ನ ತಲೆಗೇ ಬರುತ್ತಿತ್ತು.

ಹಿಂದಿನ ಸಲ ಗಂಗಾ ಐದನೇ ತಿಂಗಳಲ್ಲೇ ಮಗುವನ್ನು ಕಳೆದುಕೊಂಡಿದ್ದಳು. ಈ ಸಲ ಬಿಜಾಪುರದ ಡಾಕ್ಟರಮ್ಮ ಖಡಕ್ಕಾಗಿ ಹೇಳಿದ್ದರು: ಬಸ್ಸಿನಲ್ಲಿ ಕುಲುಕಿಸಬೇಡಿ, ನೋವು ಶುರುವಾದರೆ ತಡಮಾಡದೆ ಇಲ್ಲಿಗೇ ಕರೆತನ್ನಿ. ಹೇಳುವುದೇನೋ ಸುಲಭ. ನಮ್ಮ ತವರಿನ ಓಣಿಯಲ್ಲಿ ಕಾರು ಇದ್ದದ್ದು ಒಬ್ಬರ ಹತ್ತಿರ ಮಾತ್ರ, ಪಕ್ಕದ ಮನೆಯ ಶಿವಪ್ಪ ಕಾಕಾನ ಹತ್ತಿರ. ತೊಗರಿ ವ್ಯಾಪಾರದವರು. ಕಡುನೀಲಿ ಬಣ್ಣದ ಹೊಚ್ಚ ಹೊಸ ಕಾರು. ಅವರು ಅದನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಕಾಗೆ ಅದರ ಮೇಲೆ ಕೂತರೆ ಸಾಕು, ಊಟ ಬಿಟ್ಟು ಎದ್ದು ಬರುತ್ತಿದ್ದರು. ಕಾಕಾನಿಗೆ ಕಾರಿನ ಹುಚ್ಚು ಎಂದು ಇಡೀ ಓಣಿ ಆಡಿಕೊಳ್ಳುತ್ತಿತ್ತು. ನಾನು ಎಲ್ಲರಿಗಿಂತ ಒಂದು ಕೈ ಮುಂದೆ.

ಅಂಥವರು ಕೇಳಿದ ಕೂಡಲೇ ಕೀಲಿ ಕೊಟ್ಟರು.

"ಗಂಗಾ ನಮ್ಮ ಮನೀ ಮಗಳಿದ್ದಂಗ. ಕುಬಸಕ್ಕೂ ಒಯ್ಯಿರಿ, ಹೆರಿಗೀಗೂ ಒಯ್ಯಿರಿ. ಆದ್ರ ಒಂದು ಗೀರು ಬಿತ್ತಂದ್ರ ಮತ್ತ ಕೀಲಿ ಕೇಳಾಕ ಬರಬ್ಯಾಡ್ರಿ. ಈಗs ಹೇಳೇನಿ" ಎಂದರು.

ನಮ್ಮ ಮನೆಯವರು ಶಾಲೆಯ ಮಾಸ್ತರರು, ಕಾರು ಓಡಿಸಲು ಬಲ್ಲವರು. "ಹೂಂರಿ ಕಾಕಾ" ಎಂದು ಕೀಲಿ ಇಸಿದುಕೊಂಡರು.

ಅವ್ವನನ್ನೂ ಕೂರಿಸಿಕೊಂಡು ಹೊರಟೆವು. ಮೋರಟಗಿಯಲ್ಲಿ ಕುಬಸ ಚೆನ್ನಾಗಿಯೇ ಆಯಿತು. ಬಳೆಗಾರ ಬಂದು ಗಂಗಾಳ ಜೊತೆ ನಮಗೆಲ್ಲ ಕೈತುಂಬ ಹಸಿರು ಗಾಜಿನ ಬಳೆ ಇಟ್ಟ. ಹೊರಡುವಾಗ ಗಂಗಾಳ ಅತ್ತೆ, "ಬಸುರಿ ಕೂಡೂ ಗಾಡಿಗೂ ಅರಿಷಿಣ ಕುಂಕುಮ ಹಚ್ಚಬೇಕವಾ" ಎಂದರು. ಮುತ್ತೈದೆಯರೆಲ್ಲ ಹಿಂದಿನ ಬಾಗಿಲಿಗೆ ಹಚ್ಚಿದರು. ಹಚ್ಚಿ ಸುಮ್ಮನಾದರೆ? ಒಬ್ಬೊಬ್ಬರಿಗೂ ಆ ಬಾಗಿಲು ತೆಗೆದು, ಒಂದು ಗಳಿಗೆ ಒಳಗೆ ಕೂತು ನೋಡುವ ಆಸೆ. ನಾನಾದರೂ ತಡೆಯಬೇಕಿತ್ತು. ಕಾರು ನನ್ನಪ್ಪನದೇ ಎಂಬಂತೆ, "ಬರ್ರಿ, ತಗೀರಿ, ಕೂಡ್ರಿ" ಎಂದು ಹದಿನೈದು ಹೆಂಗಸರನ್ನು ಕೂರಿಸಿ ಏಳಿಸಿದೆ.

ಸಿಂದಗಿ ಹತ್ತಿರ ಬಂದಾಗ, ಕಾಕಾ ನೋಡುವ ಮೊದಲೇ ಅರಿಷಿಣ ಒರೆಸಿಬಿಡೋಣ ಎಂದು ಬೋರ್‌ವೆಲ್ಲಿನ ಪಕ್ಕ ನಿಲ್ಲಿಸಿದೆವು. ಬಾಗಿಲು ಒದ್ದೆ ಬಟ್ಟೆಗೆ ಲಕಲಕ ಎಂದಿತು. ಹಿಡಿಕೆಯ ಹಿಂದೆ ಬೆರಳು ತೂರಿಸಲು ಬಟ್ಟಲಿನಂಥ ತಗ್ಗು ಇರುತ್ತದಲ್ಲ, ಅದರೊಳಗಿನ ಅರಿಷಿಣ ತೆಗೆದು ಬಗ್ಗಿ ನೋಡಿದೆ. ಒಳಗೆಲ್ಲ ಬಿಳಿ ಬಿಳಿ ಗೀರು. ಹದಿನೈದು ಕೈಗಳ ಬಳೆ, ಉಂಗುರ ಅಲ್ಲಿ ತಮ್ಮ ಕೆಲಸ ಮಾಡಿ ಹೋಗಿದ್ದವು.

"ಮುಗೀತು. ಇನ್ನ ಕಾಕಾ ಕೀಲಿ ಕೊಟ್ಟಂಗs" ಎಂದರು ನಮ್ಮ ಮನೆಯವರು.

ಒಳಗಿನಿಂದ ಗಂಗಾ ಮೆಲ್ಲಗೆ, "ಇರಲಿ ಬಿಡ ಅಕ್ಕಾ. ಹೆರಿಗೀಗೆ ಬಸ್ಸಿನ್ಯಾಗ ಹೋದ್ರಾತು" ಎಂದಳು. ಹೇಳುವಾಗ ಒಂದು ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಬಸ್‌ಸ್ಟ್ಯಾಂಡಿನ ಹಿಂದೆ ಟ್ರ್ಯಾಕ್ಟರು, ಜೀಪುಗಳಿಗೆ ಬಣ್ಣ ಹೊಡೆಯುವ ಒಬ್ಬರಿದ್ದಾರೆಂದು ನಮ್ಮ ಮನೆಯವರಿಗೆ ನೆನಪಾಯಿತು. ಲಾಲಸಾಬ್ ಚಾಚಾ ಎಂದು ಅವರ ಹೆಸರು. ನಾವು ಹೋದಾಗ ಊಟಕ್ಕೆ ಹೊರಟಿದ್ದರು. ಗುರುತು ಪರಿಚಯ ಇಲ್ಲದಿದ್ದರೂ ನನ್ನ ಮುಖ ನೋಡಿ ಬುತ್ತಿ ಪಕ್ಕಕ್ಕಿಟ್ಟರು. ಬಗ್ಗಿ, ಆ ತಗ್ಗಿನೊಳಗೆ ಕಿರುಬೆರಳಿನ ಉಗುರನ್ನು ಅಡ್ಡ ಎಳೆದರು.

"ಉಗುರು ಎಲ್ಲೂ ತಡೀವಲ್ದು. ಮ್ಯಾಲಿನ ಗೀರ್ರಿ ಇವು, ಹೋಗ್ತಾವ" ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಆದರೆ ಪಾಲಿಶ್ ಮಾಡುವ ಅವರ ಮಷೀನಿನ ಚಕ್ರ ಊಟದ ತಾಟಿನಷ್ಟಿತ್ತು. ಆ ತಗ್ಗಿನೊಳಗೆ ಎಲ್ಲಿ ಹೋಗಬೇಕು? ಕೈಯಿಂದಲೇ ತಿಕ್ಕಬೇಕು ಎಂದರೆ ಚಾಚಾನ ಬೆರಳು ಒಂದೊಂದೂ ಬಾಳೆಹಣ್ಣಿನಷ್ಟು ದಪ್ಪ. ಬಟ್ಟೆ ಸುತ್ತಿಕೊಂಡರಂತೂ ಹಿಡಿಕೆಯ ಹಿಂದೆ ತೂರುತ್ತಲೇ ಇರಲಿಲ್ಲ. ಅವರು ನನ್ನ ಕೈ ನೋಡಿದರು.

"ಅಕ್ಕಾರ, ನೀವs ತಿಕ್ಕಬೇಕಾಕ್ಕೈತಿ. ನಾ ಹೇಳಿಕೊಡ್ತೇನಿ. ಉಂಗುರ, ಬಳಿ ತಗದಿಡ್ರಿ."

ಅವ್ವ ಕಾರಿನಿಂದ ಇಳಿದೇಬಿಟ್ಟಳು. "ಇವತ್ತ ಕುಬಸದಾಗ ಇಟಗೊಂಡ ಬಳಿ ಅವು. ತಂಗಿ ಹೊಟ್ಟ್ಯಾಗ ಕೂಸು ಇಟಗೊಂಡು ಇಲ್ಲೇ ಕುಂತಾಳ. ಬರಿಗೈ ಮಾಡ್ಕೊಳ್ಳೂ ಮಾತs ಇಲ್ರಿ."

"ಬಳಿ ಇಟಗೊಂಡು ತಿಕ್ಕಿದ್ರ ಒಂದು ಗೀರು ಹೋಗಿ ನಾಕು ಬೀಳ್ತಾವ್ರಿ ಅವ್ವಾರ."

"ಬಿದ್ರ ಬೀಳಲಿ!"

ನಾನು ನಡುವೆ ನಿಂತೆ. ಹಿಂದಿನ ಸಲದ ದುಃಖ ಅವ್ವನ ಮುಖದಲ್ಲಿ ಇನ್ನೂ ಇತ್ತು, ಅವಳ ಮಾತು ಮೀರುವ ಧೈರ್ಯ ನನಗಿರಲಿಲ್ಲ. ಚಾಚಾ ಗಡ್ಡ ಕೆರೆದುಕೊಂಡು ಒಳಗೆ ಹೋಗಿ, ಒಗೆದಿಟ್ಟ ಹಳೆಯ ಮಲ್‌ಮಲ್ ಧೋತರದ ಉದ್ದನೆಯ ಚೂರು ತಂದು ಅವ್ವನ ಕೈಗೆ ಕೊಟ್ಟರು.

"ತಗಿಯೂದು ಬ್ಯಾಡ್ರಿ. ಮ್ಯಾಲ ಸರಿಸಿ, ಬಿಗಿ ಸುತ್ತಿಬಿಡ್ರಿ. ನಮ್ಮನ್ಯಾಗೂ ಹೆಣ್ಣಮಕ್ಕಳದಾರ, ನಿಮ್ಮ ಸಂಕಟ ತಿಳೀತೈತಿ."

ನಾನು ಉಂಗುರ ತೆಗೆದಿಟ್ಟೆ. ಅವ್ವ ಬಳೆಗಳನ್ನೆಲ್ಲ ಮೇಲೆ ಸರಿಸಿ, ಮಣಿಕಟ್ಟಿನಿಂದ ಮೊಣಕೈವರೆಗೆ ಸುತ್ತಿದಳು. ಕೈ ಮುರಿದು ಪಟ್ಟಿ ಹಾಕಿಸಿಕೊಂಡವಳಂತೆ ಕಂಡೆ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, "ಯಾವಾಗ ಬಿದ್ದೀವಾ?" ಎಂದು ಮರುಗಿ ಹೋದಳು. ಗಂಗಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಚಾಚಾ ಮೊದಲು ತಗ್ಗನ್ನು ನೀರಿನಿಂದ ತೊಳೆಸಿದರು, ಧೂಳಿನ ಕಣ ಉಳಿದರೆ ಅದೇ ಗೀರುತ್ತದಂತೆ. ಆಮೇಲೆ ತೋರುಬೆರಳಿಗೆ ಮೆತ್ತನೆ ಬಟ್ಟೆ ಸುತ್ತಿಸಿ, ಜೋಳದ ಕಾಳಿನಷ್ಟು ಪಾಲಿಶ್ ಪೇಸ್ಟು ಹಚ್ಚಿದರು. ನಾನು ಹಲ್ಲು ಕಚ್ಚಿ ತಿಕ್ಕತೊಡಗಿದೆ.

"ಅಷ್ಟು ಜೋರು ಬ್ಯಾಡ್ರಿ ಅಕ್ಕಾರ, ಬಣ್ಣs ಕಿತ್ತು ಬರತೈತಿ. ರೊಟ್ಟಿ ಬಡಿಯೂ ಕೈ ಬ್ಯಾಡ. ಕೂಸಿಗೆ ಕಾಡಿಗಿ ಹಚ್ಚೂ ಕೈ ಇರಲಿ."

ಹಗುರಾಗಿ ತಿಕ್ಕಿದೆ. ಒರೆಸಿ ನೋಡಿದೆ, ಮತ್ತೆ ಹಚ್ಚಿದೆ. ಮೂರನೇ ಸಲಕ್ಕೆ ಗೀರು ಮಸುಕಾದವು. ಐದನೇ ಸಲಕ್ಕೆ ಎಲ್ಲಿದ್ದವೆಂದು ಹುಡುಕಬೇಕಾಯಿತು. ಬೆನ್ನು ನೋಯುತ್ತಿತ್ತು, ಬೆವರು ಇಳಿಯುತ್ತಿತ್ತು, ಆದರೆ ಅಷ್ಟು ಸಮಾಧಾನ ನನಗೆ ಯಾವ ಕೆಲಸದಲ್ಲೂ ಆಗಿರಲಿಲ್ಲ. ಚಾಚಾ ಕೆಲಸಕ್ಕೆ ಒಂದು ಪೈಸೆಯನ್ನೂ ಮುಟ್ಟಲಿಲ್ಲ. ಅವ್ವ ಕುಬಸದ ಬುಟ್ಟಿಯಿಂದ ತೆಗೆದುಕೊಟ್ಟ ಕರಚಿಕಾಯಿ ಮಾತ್ರ ತಿಂದರು.

ಮನೆ ಮುಟ್ಟಿದಾಗ ಕಾಕಾ ಕಟ್ಟೆಯ ಮೇಲೆ ಕಾಯುತ್ತಿದ್ದರು. ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಹಿಂದಿನ ಬಾಗಿಲ ಹತ್ತಿರ ಬಗ್ಗಿದರು.

"ಇದೊಂದs ಹಿಡಿಕಿ ಹಿಂದ ಯಾಕಿಷ್ಟು ಮಿಂಚಾಕತ್ತೈತಿ?"

ನಮ್ಮ ಮನೆಯವರು ಆಕಾಶ ನೋಡಿದರು. ಬಾಯಿಗೆ ಸುಳ್ಳು ಬಂದಿತ್ತು, ಆದರೆ ಕಾಕಾನ ಮುಖ ನೋಡಿ ಹೇಳಲು ಆಗಲಿಲ್ಲ. ಎಲ್ಲವನ್ನೂ ಹೇಳಿದೆ, ಹದಿನೈದು ಹೆಂಗಸರ ಲೆಕ್ಕ ಸಮೇತ. ಕಾಕಾ ಎದ್ದು ನಿಂತರು. ನನ್ನನ್ನು ಡ್ರೈವರ್ ಬಾಗಿಲ ಹತ್ತಿರ ಕರೆದೊಯ್ದು, ಸುತ್ತಮುತ್ತ ನೋಡಿ, ದನಿ ತಗ್ಗಿಸಿದರು.

"ಇಲ್ನೋಡ. ಇವು ನನ್ನ ಉಂಗುರದ ಗೀರು. ಮನ್ಯಾಗ ನಿಮ್ಮ ಕಾಕೂಗ ಹೇಳಬ್ಯಾಡ. ನಾಳೆ ಬಂದು ಇವನ್ನಷ್ಟು ತಗದುಕೊಡವಾ."

"ಹೆರಿಗೀಗೆ ಕೀಲಿ ಕೊಡ್ತೀರಿಲ್ರಿ ಕಾಕಾ?"

"ಕೊಡಲಾರದ ಏನ ಮಾಡಲಿ?" ಎಂದು ಗದರಿದರು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಗಂಗಾಳಿಗೆ ನೋವು ಶುರುವಾಯಿತು. ನಮ್ಮ ಮನೆಯವರು ಪರೀಕ್ಷೆಯ ಕೆಲಸಕ್ಕೆ ಇಂಡಿಗೆ ಹೋಗಿದ್ದರು. ಕಾಕಾ ತಾವೇ ಕಾರು ಹೊರತೆಗೆದರು. ಆಗಿನ ಬಿಜಾಪುರದ ರಸ್ತೆಯನ್ನು ರಸ್ತೆ ಎನ್ನುವುದು ಕಷ್ಟ. ಒಂದು ಕಡೆಯಂತೂ ಅಡ್ಡಡ್ಡ ಹೊಂಡಗಳೇ. ಗಂಗಾ ನನ್ನ ತೊಡೆಯ ಮೇಲೆ ತಲೆಯಿಟ್ಟು ಚೀರಿದಳು. ಕಾಕಾ ತಟ್ಟನೆ ಕಾರನ್ನು ಪಕ್ಕದ ಮಣ್ಣಿಗೆ ಇಳಿಸಿದರು. ನೆಲ ಸಪಾಟಾಗಿತ್ತು, ಆದರೆ ಉದ್ದಕ್ಕೂ ಎರಡೂ ಕಡೆ ಜಾಲಿಕಂಟಿ. ಮುಳ್ಳು ಬಾಗಿಲನ್ನು ಕರಕರ ಗೀರುವ ಸದ್ದಿಗೆ ನನ್ನ ಹಲ್ಲು ಜುಮ್ಮೆಂದವು.

"ಕಾಕಾ, ಗಾಡಿ!" ಎಂದು ಕೂಗಿದೆ.

"ಬಾಯಿ ಮುಚಗೊಂಡು ಆಕೀನ್ನ ಹಿಡಕೋವಾ" ಎಂದರು. ಕಾರು ನಿಧಾನವಾಗಲೇ ಇಲ್ಲ.

ಮಧ್ಯಾಹ್ನ ನರ್ಸ್ ಹೊರಬಂದು, ಹೆಣ್ಣು ಮಗು, ತಾಯಿ ಮಗು ಇಬ್ಬರೂ ಆರಾಮ ಎಂದಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಎಷ್ಟು ತಿಂಗಳ ಹೆದರಿಕೆಯೋ, ಒಮ್ಮೆಲೇ ಇಳಿದುಹೋಯಿತು. ಕಾಕಾನಿಗೆ ಹೇಳಲು ಹೊರಗೆ ಓಡಿದರೆ, ಕಾರು ಗೇಟಿನ ಹತ್ತಿರ ಎರಡೂ ಮಗ್ಗುಲು ಗೀರಿಸಿಕೊಂಡು ಬಿಸಿಲಲ್ಲಿ ನಿಂತಿತ್ತು. ಕಾಕಾ ಅದಕ್ಕೆ ಬೆನ್ನು ಮಾಡಿ, ಆಸ್ಪತ್ರೆಯ ಬಾಗಿಲನ್ನೇ ನೋಡುತ್ತ ನಿಂತಿದ್ದರು.